ಬಳ್ಳಾರಿಯ ‘ಮೇಡಂ ಕ್ಲಾಸು’: ಕ್ಲಾಟ್‌ಗೆ ಪ್ಯಾಸೇಜ್ ಓದೋದು ಕಲಿಬೇಕಾ, ಇಲ್ಲಿಗೆ ಹೋಗಿ

ಬಳ್ಳಾರಿಯಲ್ಲಿ ನೀಟ್‌ಗೋ ಜೆಇಇಗೋ ಕೋಚಿಂಗ್ ಬೇಕು ಅಂದರೆ ಹುಡುಕುವ ಕೆಲಸವೇ ಇಲ್ಲ. ರ‍್ಯಾಂಕ್ ಬಂದ ಮಕ್ಕಳ ಫೋಟೊ ಹಾಕಿದ ಫ್ಲೆಕ್ಸ್‌ಗಳು ತಲೆ ಎತ್ತಿದ ಕಡೆಯೆಲ್ಲ ಕಾಣುತ್ತವೆ. ಲಾ ಓದಬೇಕು, ನ್ಯಾಷನಲ್ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೀಬೇಕು ಅಂದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ, “ಅದಕ್ಕೆ ಬೆಂಗಳೂರಿಗೆ ಹೋಗಬೇಕಪ್ಪ.” ನನ್ನ ತಂಗಿ ಈಗ ಸೆಕೆಂಡ್ ಪಿಯು ಆರ್ಟ್ಸ್, ಬರುವ ಡಿಸೆಂಬರ್‌ನಲ್ಲಿ ಕ್ಲಾಟ್ ಬರೆಯುತ್ತಾಳೆ. ಬೆಂಗಳೂರಿನಲ್ಲಿ ಹಾಸ್ಟೆಲ್ ಮಾಡಿ ಇಡುವಷ್ಟು ಅನುಕೂಲ ನಮಗಿಲ್ಲ. ಹಾಗಾಗಿ ಊರಲ್ಲೇ ಏನಾದರೂ ಸಿಗುತ್ತಾ ಅಂತ ವಿಚಾರಿಸುತ್ತಾ ಹೋದಾಗ ಸಿಕ್ಕಿದ್ದು ಈ ಕ್ಲಾಸು. ಇದರ ಬಗ್ಗೆ ಬೇರೆಯವರೂ ಕೇಳುತ್ತಿದ್ದಾರೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕ್ಲಾಸಿಗೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ರಿಟೈರ್ ಆದ ಇಂಗ್ಲಿಷ್ ಲೆಕ್ಚರರ್ ಒಬ್ಬರು ಗಾಂಧಿನಗರ ಕಡೆಯ ತಮ್ಮ ಮನೆಯ ಹಾಲ್‌ನಲ್ಲೇ ನಡೆಸುತ್ತಾರೆ. ಎಲ್ಲರೂ ‘ಮೇಡಂ ಕ್ಲಾಸು’ ಅಂತಾರೆ ಅಷ್ಟೇ. ವಾರಕ್ಕೆ ಮೂರು ದಿನ, ಸಂಜೆ ಎರಡು ಗಂಟೆ ಹೊತ್ತು, ತಿಂಗಳಿಗೆ 1,500 ರೂಪಾಯಿ. ಕಲಿಸೋದು ಒಂದೇ ವಿಷಯ, ಇಂಗ್ಲಿಷ್ ಪ್ಯಾಸೇಜ್ ಓದಿ ಅರ್ಥ ಮಾಡಿಕೊಂಡು ಪ್ರಶ್ನೆಗೆ ಉತ್ತರ ಹುಡುಕೋದು. ಗಣಿತ ಇಲ್ಲ, ಜಿಕೆ ಇಲ್ಲ. ಇಷ್ಟಕ್ಕೇ ಒಂದು ಕ್ಲಾಸಾ ಅಂತ ನಮ್ಮಪ್ಪನೂ ಕೇಳಿದ್ದರು.

ಕ್ಲಾಟ್ ಪೇಪರ್ ಒಂದು ಸಲ ಕೈಯಲ್ಲಿ ಹಿಡಿದು ನೋಡಿದರೆ ಆ ಪ್ರಶ್ನೆ ಬರೋದಿಲ್ಲ. 120 ಪ್ರಶ್ನೆ, 120 ನಿಮಿಷ. 2020ರಿಂದ ಇಡೀ ಪೇಪರ್ ಪ್ಯಾಸೇಜ್ ಮೇಲೆಯೇ ನಡೆಯುತ್ತದೆ. ಇಂಗ್ಲಿಷ್ ವಿಭಾಗಕ್ಕೆ 22ರಿಂದ 26 ಪ್ರಶ್ನೆ. ಆದರೆ ಅಷ್ಟಕ್ಕೇ ಮುಗಿಯೋದಿಲ್ಲ, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಕರೆಂಟ್ ಅಫೇರ್ಸ್ ಎಲ್ಲದರಲ್ಲೂ ಮೊದಲು ಸುಮಾರು 450 ಪದಗಳ ಒಂದು ಪ್ಯಾಸೇಜ್, ಆಮೇಲೆ ಅದರ ಮೇಲೆ ಪ್ರಶ್ನೆ. ಗಣಿತದ 10ರಿಂದ 14 ಪ್ರಶ್ನೆಗಳಿಗೂ ಮಾಹಿತಿಯನ್ನು ಓದಿಯೇ ತೆಗೆಯಬೇಕು. ಅಂದರೆ ಪ್ರಶ್ನೆಗೆ ಒಂದು ನಿಮಿಷ ಅಂತ ಲೆಕ್ಕ ಹಾಕಿದರೆ ಓದುವ ಸಮಯವೂ ಆ ಒಂದು ನಿಮಿಷದ ಒಳಗೇ ಬಂತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ನಾಲ್ಕು ತಪ್ಪಾದರೆ ಸರಿಯಾಗಿ ಬರೆದ ಒಂದು ಹೋಯಿತು ಅಂತ ಅರ್ಥ. ಇದನ್ನೆಲ್ಲ ಮೇಡಂ ಮೊದಲ ದಿನವೇ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಹೇಳುತ್ತಾರೆ, ಹಳೇ ಪೇಪರ್ ಕೈಗೆ ಕೊಟ್ಟು ತೋರಿಸುತ್ತಾರೆ. ನಮ್ಮಪ್ಪ ಆಮೇಲೆ ಏನೂ ಕೇಳಲಿಲ್ಲ.

ಇದಕ್ಕೂ ಮುಂಚೆ ತಂಗಿ ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡಿದ್ದಳು. ಹೆಸರು ಬೇಡ. ಅದರಲ್ಲಿ ಬರೀ ಟ್ರಿಕ್ಸ್. ಪ್ರಶ್ನೆ ಮೊದಲು ಓದು, ಅದರಲ್ಲಿರುವ ಮುಖ್ಯ ಪದವನ್ನು ಪ್ಯಾಸೇಜಿನಲ್ಲಿ ಹುಡುಕು, ಅದರ ಹಿಂದಿನ ಮುಂದಿನ ಸಾಲು ನೋಡು, ಉತ್ತರ ಹಾಕು, ಮುಂದೆ ಹೋಗು. ಪೂರ್ತಿ ಓದಲೇಬೇಡ ಅಂತಾನೂ ಒಬ್ಬರು ಹೇಳುತ್ತಿದ್ದರು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಪ್ರಶ್ನೆಯಲ್ಲಿರುವ ಪದವೇ ಉತ್ತರದ ಸಾಲಿನಲ್ಲೂ ಇರುತ್ತದೆ. ಕ್ಲಾಟ್‌ನಲ್ಲಿ ಕೇಳೋದು ಬೇರೆ ಥರ. ಲೇಖಕರ ಮುಖ್ಯ ವಾದ ಏನು, ಇವರು ಯಾವ ಮಾತನ್ನು ಒಪ್ಪುತ್ತಾರೆ, ಮೂರನೇ ಪ್ಯಾರಾ ಇಲ್ಲಿ ಯಾಕೆ ಬಂತು, ಈ ಪದವನ್ನು ಯಾವ ಅರ್ಥದಲ್ಲಿ ಬಳಸಿದ್ದಾರೆ, ಹೀಗೆ. ಇವಕ್ಕೆ ಒಂದೇ ಸಾಲಿನಲ್ಲಿ ಉತ್ತರ ಸಿಗೋದಿಲ್ಲ. ತಂಗಿಗೆ ಆ ಕೋರ್ಸಿನಿಂದ ವೇಗ ಬಂತು, ಅಂಕ ಬರಲಿಲ್ಲ. ಜೊತೆಗೆ ನನಗೆ ಇಂಗ್ಲಿಷ್ ಬರೋದಿಲ್ಲ ಅನ್ನೋ ಭಯ ಬೇರೆ ಸೇರಿಕೊಂಡಿತು, ಅದನ್ನು ನೋಡಿ ನನಗೆ ತುಂಬಾ ಬೇಜಾರಾಗಿತ್ತು. ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ.

ನಾನು ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡೋನು. ಮಾರ್ನಿಂಗ್ ಶಿಫ್ಟ್ ಇದ್ದ ವಾರ ಸಂಜೆ ತಂಗಿಯನ್ನು ಬೈಕಲ್ಲಿ ಬಿಟ್ಟು ಹೊರಗೆ ಕಾಯುತ್ತಿದ್ದೆ. ಮೇಡಂ ನೋಡಿ “ಹೊರಗೆ ಯಾಕಪ್ಪ ನಿಂತಿ, ಒಳಗೆ ಬಂದು ಕೂತ್ಕೋ” ಅಂದರು. ಹಾಗೆ ಹಿಂದೆ ಕೂತು ಕೇಳಿದ ಕ್ಲಾಸುಗಳ ಮೇಲೆಯೇ ಇದನ್ನು ಬರೆಯುತ್ತಿರೋದು.

ಒಂದು ದಿನದ ಪಾಠ ಹೇಳುತ್ತೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅದರ ಮೇಲೆ ಮೇಡಂ ತಾವೇ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ತಂದಿದ್ದರು. ಡ್ಯಾಮ್ 1953ರಲ್ಲಿ ಕಟ್ಟಿ ಮುಗಿಸಿದ್ದು, 33 ಗೇಟುಗಳಿವೆ ಅಂತ ಶುರುವಾಗುತ್ತದೆ. ಗೇಟು ಹೋದಾಗ ಕಾಲುವೆ ನಂಬಿದ ರೈತರು ಎಷ್ಟು ಹೆದರಿದ್ದರು ಅಂತ ಒಂದು ಪ್ಯಾರಾ. ಆಮೇಲೆ ಬರುತ್ತದೆ ಅಸಲಿ ಮಾತು: ಹೊಸದು ಕಟ್ಟಿದರೆ ಉದ್ಘಾಟನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಬೀಳುತ್ತದೆ, ಆದರೆ ಕಟ್ಟಿದ್ದನ್ನು ವರ್ಷ ವರ್ಷ ನೋಡಿಕೊಳ್ಳುವ ಕೆಲಸಕ್ಕೆ ಯಾರ ಹೆಸರೂ ಬೀಳೋದಿಲ್ಲ, ಹಾಗಾಗಿ ಅದಕ್ಕೆ ದುಡ್ಡು ಯಾವಾಗಲೂ ಕೊನೆಗೆ. ಪ್ರಶ್ನೆ ಒಂದೇ, ಲೇಖಕರ ಮುಖ್ಯ ವಾದ ಯಾವುದು? ಮೊದಲ ಆಪ್ಶನ್, ನಷ್ಟ ಆದ ರೈತರಿಗೆ ಪರಿಹಾರ ಕೊಡಬೇಕು. ಎರಡನೇದು, ಎಪ್ಪತ್ತು ವರ್ಷ ದಾಟಿದ ಡ್ಯಾಮುಗಳನ್ನು ಹೊಸದಾಗಿ ಕಟ್ಟಬೇಕು. ಮೂರನೇದು, ಹೆಸರು ತರದ ಕೆಲಸ ಆದ್ದರಿಂದ ನಿರ್ವಹಣೆ ಹಿಂದೆ ಬೀಳುತ್ತದೆ. ನಾಲ್ಕನೇದು, ಅಧಿಕಾರಿಗಳ ಬೇಜವಾಬ್ದಾರಿಯಿಂದ ಗೇಟು ಹೋಯಿತು.

ಸಿರುಗುಪ್ಪ ಕಡೆಯಿಂದ ಬರುವ ಒಬ್ಬ ಹುಡುಗ ತಕ್ಷಣ ಮೊದಲನೇದು ಅಂದ. ನನ್ನ ತಂಗಿ ನಾಲ್ಕನೇದು ಅಂದಳು. ಮೇಡಂ ಸರಿ ತಪ್ಪು ಏನೂ ಹೇಳಲಿಲ್ಲ, “ಯಾವ ಸಾಲು, ತೋರಿಸು” ಅಂತ ಕೇಳಿದರು. ಹುಡುಗ ಹುಡುಕಿದ, ಹುಡುಕಿದ, ರೈತರ ಪ್ಯಾರಾ ಮೇಲೆ ಬೆರಳಿಟ್ಟ. ಅಲ್ಲಿ ಭಯ ಇತ್ತು, ಪರಿಹಾರದ ಮಾತು ಇರಲಿಲ್ಲ.

“ಪರಿಹಾರ ಎಲ್ಲಿ ಬರೆದೈತಿ?”

“ಬರೆದಿಲ್ರಿ ಮೇಡಂ. ನಮ್ಮಪ್ಪ ದಿನಾ ಅದನ್ನೇ ಹೇಳ್ತಾರ್ರಿ.”

“ನಿಮ್ಮಪ್ಪ ಹೇಳಿದ್ದು ಖರೇನೇ ಇರಬಹುದಪ್ಪ. ನಾನೂ ಒಪ್ತೀನಿ. ಆದರೆ ಈ ಪುಟ ಬರೆದೋರು ನಿಮ್ಮಪ್ಪ ಅಲ್ಲ. ಬರೆದೋರು ಏನು ಹೇಳ್ಯಾರ ಅದನ್ನ ತೋರಿಸು.”

ತಂಗಿಗೂ ಅದೇ ಕಥೆ. ಅಧಿಕಾರಿಗಳು ಅನ್ನುವ ಪದ ಇಡೀ ಪುಟದಲ್ಲಿ ಎಲ್ಲೂ ಇರಲಿಲ್ಲ. ಆಗ ಮನೆಮನೆಯಲ್ಲಿ ಆಡಿದ್ದ ಮಾತು ಅವಳ ತಲೆಯಲ್ಲಿ ಕೂತಿತ್ತು, ಅದೇ ಉತ್ತರವಾಗಿ ಬಂತು. ಆಮೇಲೆ ಮೇಡಂ ಇನ್ನೊಂದು ಪುಟ ಕೊಟ್ಟರು. ನಾರ್ವೆ ದೇಶದ ಮೀನುಗಾರರ ಬಗ್ಗೆ, ಕ್ಲಾಸಿನಲ್ಲಿ ಯಾರಿಗೂ ಅದರ ಗಂಧಗಾಳಿ ಇಲ್ಲ. ಅದರಲ್ಲಿ ಹೆಚ್ಚಿನ ಮಕ್ಕಳ ಉತ್ತರ ಸರಿ ಇತ್ತು! ಕಾರಣವನ್ನು ಮೇಡಂ ಮಕ್ಕಳ ಬಾಯಿಂದಲೇ ಹೇಳಿಸಿದರು. ಏನೂ ಗೊತ್ತಿಲ್ಲದ ವಿಷಯವಾದರೆ ಮಕ್ಕಳು ಪುಟವನ್ನೇ ನಂಬುತ್ತಾರೆ, ಗೊತ್ತಿರುವ ವಿಷಯ ಬಂದ ಕೂಡಲೇ ಪುಟ ಬಿಟ್ಟು ತಲೆಯಲ್ಲಿರೋದನ್ನು ಬರೆಯುತ್ತಾರೆ. ನಾನು ಇಂಜಿನಿಯರಿಂಗ್ ಓದಿದೋನು, ಇಷ್ಟು ಪರೀಕ್ಷೆ ಬರೆದಿದ್ದೇನೆ, ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಒಂದು ಪಾಠಕ್ಕೇ ಆ ತಿಂಗಳ ಫೀಸ್ ಸಾರ್ಥಕ ಅಂತ ನನಗನಿಸಿತು.

ಲೀಗಲ್ ರೀಸನಿಂಗ್‌ಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅಲ್ಲಿ ಕಾನೂನು ಗೊತ್ತಿರಬೇಕಿಲ್ಲ, ಪ್ಯಾಸೇಜಿನಲ್ಲಿ ಕೊಟ್ಟ ನಿಯಮವನ್ನು ಅವರು ಹೇಳಿದ ಘಟನೆಗೆ ಹೊಂದಿಸಬೇಕು ಅಷ್ಟೇ. 18 ತುಂಬದವರ ಜೊತೆ ಮಾಡಿಕೊಂಡ ಕರಾರು ನಡೆಯೋದಿಲ್ಲ ಅನ್ನೋದು ನಮ್ಮ ದೇಶದ ಕಾನೂನು. ಮೇಡಂ ಬೇಕಂತಲೇ ಒಂದು ಪ್ಯಾಸೇಜಿನಲ್ಲಿ ಅದನ್ನು 21 ಅಂತ ಬದಲಾಯಿಸಿ, 19 ವರ್ಷದ ಹುಡುಗ ಬೈಕ್ ಮಾರಿದ ಕಥೆ ಕೊಟ್ಟಿದ್ದರು. ಪ್ಯಾಸೇಜಿನಲ್ಲಿ 21 ಅಂದರೆ 21, ಕರಾರು ನಡೆಯೋದಿಲ್ಲ. ಪಿಯುಸಿಯಲ್ಲಿ ಬಿಸಿನೆಸ್ ಸ್ಟಡೀಸ್ ಚೆನ್ನಾಗಿ ಓದಿಕೊಂಡಿದ್ದ ಮಕ್ಕಳೇ ಇದರಲ್ಲಿ ಎಡವಿದರು.

ಅದೇ ರೀತಿ ಚಿಕ್ಕ ಪದಗಳು. ನಮ್ಮ ಮಕ್ಕಳು ದೊಡ್ಡ ದೊಡ್ಡ ಇಂಗ್ಲಿಷ್ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಾರೆ, ಅನ್‌ಲೆಸ್, ಆಲ್ದೋ, ಹೌಎವರ್, ಓನ್ಲಿ ಇವುಗಳನ್ನು ಹಾರಿಸಿಕೊಂಡು ಹೋಗುತ್ತಾರೆ. ಇಲ್ಲಿ ಪದಪಟ್ಟಿ ಕೊಡೋದೇ ಇಲ್ಲ. ಇಂಥ ಪದಗಳಿಗೆ ಮಾತ್ರ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಸುತ್ತಾರೆ. ‘ಹೌಎವರ್’ ಬಂತಾ, ಲೇಖಕರು ಇಲ್ಲಿವರೆಗೆ ಬೇರೆಯವರ ಮಾತು ಹೇಳುತ್ತಿದ್ದರು, ಇನ್ನು ತಮ್ಮ ಮಾತು ಶುರು ಮಾಡುತ್ತಾರೆ ಅಂತ ಎಚ್ಚರ ಆಗು. ನಿಯಮದಲ್ಲಿ ‘ಶಾಲ್’ ಇದ್ದರೆ ಮಾಡಲೇಬೇಕು, ‘ಮೇ’ ಇದ್ದರೆ ಮಾಡಬಹುದು, ಮಾಡದೆಯೂ ಇರಬಹುದು. ಇಷ್ಟರ ಮೇಲೆಯೇ ಎಷ್ಟೋ ಪ್ರಶ್ನೆ ನಿಂತಿರುತ್ತವೆ. ಗೊತ್ತಿಲ್ಲದ ಕಷ್ಟದ ಪದ ಬಂದರೆ ಡಿಕ್ಷನರಿ ಮುಟ್ಟೋ ಹಾಗಿಲ್ಲ. ಸುತ್ತಲಿನ ಸಾಲು ಓದಿ ಅದು ಹೊಗಳಿಕೆಯೋ ತೆಗಳಿಕೆಯೋ ಅಷ್ಟನ್ನಾದರೂ ಹೇಳಬೇಕು. ಪರೀಕ್ಷೆ ಹಾಲ್‌ನಲ್ಲೂ ಡಿಕ್ಷನರಿ ಇರೋದಿಲ್ಲ ಅಲ್ವಾ.

ನನಗೆ ಅತ್ಯಂತ ಇಷ್ಟ ಆಗಿದ್ದು ಕನ್ನಡ. ಪ್ಯಾಸೇಜ್ ಓದಿ ಮುಗಿಸಿದ ಮೇಲೆ ಹಾಳೆ ಮಗುಚಿಟ್ಟು, ಅದರಲ್ಲಿ ಏನಿತ್ತು ಅಂತ ಮೂರೇ ಮಾತಿನಲ್ಲಿ ಕನ್ನಡದಲ್ಲಿ ಹೇಳಬೇಕು. ತೆಲುಗು ಮನೆಮಾತಿನ ಮಕ್ಕಳು ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ, ಮೇಡಂಗೆ ಎರಡೂ ಬರುತ್ತದೆ, ನಮ್ಮೂರಲ್ಲಿ ಯಾರಿಗೆ ಬರೋದಿಲ್ಲ ಹೇಳಿ. ಇಂಗ್ಲಿಷಿನಲ್ಲಿ ಹೇಳು ಅಂದರೆ ಮಕ್ಕಳು ಪ್ಯಾಸೇಜಿನ ಸಾಲನ್ನೇ ಹಾಗೇ ಒಪ್ಪಿಸಿಬಿಡುತ್ತಾರೆ. ಅರ್ಥ ಆಯಿತೋ ಇಲ್ಲವೋ ಅವರಿಗೂ ಗೊತ್ತಾಗೋದಿಲ್ಲ, ಕೇಳಿದವರಿಗೂ ಗೊತ್ತಾಗೋದಿಲ್ಲ. ಕನ್ನಡದಲ್ಲಿ ಹೇಳಬೇಕಾದರೆ ಕದ್ದು ಮುಚ್ಚಿ ಹೇಳೋಕೆ ಆಗೋದಿಲ್ಲ, ಎಲ್ಲಿ ತೊಡರಿತೋ ಅಲ್ಲೇ ಮಾತು ನಿಲ್ಲುತ್ತದೆ. ಕುರುಗೋಡು ಕಡೆಯ ಒಬ್ಬ ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಶುರುವಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಆ ಹುಡುಗಿ ಒಂದು ದಿನ ಖಾಸಗಿತನದ ಹಕ್ಕಿನ ಮೇಲಿನ ಪ್ಯಾಸೇಜನ್ನು ಎಷ್ಟು ಚೆಂದ ಹೇಳಿದಳು ಅಂದರೆ, ಇಂಗ್ಲಿಷ್ ಮೀಡಿಯಂ ಮಕ್ಕಳು ಅವಳು ಹೇಳಿದ್ದನ್ನು ಕೇಳಿಕೊಂಡು ತಮ್ಮ ಉತ್ತರ ತಿದ್ದಿಕೊಂಡರು. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುವ ಪರೀಕ್ಷೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಚನೆಯನ್ನೂ ಇಂಗ್ಲಿಷಿನಲ್ಲೇ ಮಾಡು ಅಂತ ಯಾರೂ ಹೇಳಿಲ್ಲ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಧೈರ್ಯ ಬಹಳ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ತಪ್ಪಾದ ಉತ್ತರಗಳಿಗೆ ಬೇರೆ ನೋಟ್‌ಬುಕ್. ಅದರಲ್ಲಿ ಸರಿ ಉತ್ತರ ಬರೆದರೆ ಸಾಲದು, ತಾನು ಆರಿಸಿದ ಆಪ್ಶನ್ ಯಾಕೆ ತಪ್ಪು ಅಂತ ಬರೆಯಬೇಕು. ಮಾತು ನಿಜ, ಆದರೆ ಪ್ಯಾಸೇಜಿನಲ್ಲಿಲ್ಲ. ಅರ್ಧ ಸರಿ, ಕೊನೆಯಲ್ಲಿ ಒಂದು ಪದ ಕೆಡಿಸಿದೆ. ಲೇಖಕರು ‘ಕೆಲವು ಸಲ’ ಅಂದಿದ್ದನ್ನು ಆಪ್ಶನ್ ‘ಯಾವಾಗಲೂ’ ಮಾಡಿದೆ. ಲೇಖಕರು ಖಂಡಿಸಲು ಹೇಳಿದ ಮಾತನ್ನು ಅವರದ್ದೇ ಮಾತು ಅಂತ ಕೊಟ್ಟಿದೆ. ತಂಗಿಯ ನೋಟ್‌ಬುಕ್ ತಿರುವಿ ನೋಡಿದೆ, ಅವಳ ತಪ್ಪುಗಳಲ್ಲಿ ಹೆಚ್ಚಿನವು ‘ನಿಜ, ಆದರೆ ಪ್ಯಾಸೇಜಿನಲ್ಲಿಲ್ಲ’ ಅನ್ನೋ ಜಾತಿಯವೇ. ತನ್ನ ರೋಗ ಯಾವುದು ಅಂತ ಗೊತ್ತಾದ ಮೇಲೆ ಅವಳು ಅಂಥ ಆಪ್ಶನ್ ಬಂದರೆ ತಾನೇ ಒಂದು ಕ್ಷಣ ನಿಲ್ಲುತ್ತಾಳೆ.

ಕೀ ಆನ್ಸರನ್ನೂ ಇಲ್ಲಿ ಕಣ್ಣು ಮುಚ್ಚಿ ಒಪ್ಪಿಸೋದಿಲ್ಲ. 2025ರ ಕ್ಲಾಟ್‌ನ ಕೆಲವು ಉತ್ತರಗಳು ತಪ್ಪು ಅಂತ ಅಭ್ಯರ್ಥಿಗಳು ದೆಹಲಿ ಹೈಕೋರ್ಟಿಗೆ ಹೋಗಿ, ಅದು ಸುಪ್ರೀಂ ಕೋರ್ಟ್ ತನಕ ಮುಟ್ಟಿದ್ದು ನೆನಪಿರಬಹುದು. ಮೇಡಂ ಆ ಸುದ್ದಿಯನ್ನೇ ಇಟ್ಟುಕೊಂಡು, ಸಾಕ್ಷಿಯ ಸಾಲು ತೋರಿಸಿದರೆ ನನ್ನ ಉತ್ತರವನ್ನೂ ಪ್ರಶ್ನೆ ಮಾಡಿ ಅಂತಾರೆ. ಮಕ್ಕಳು ಮಾಡುತ್ತಾರೆ ಕೂಡ. ಲಾಯರ್ ಆಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಇನ್ನೇನು ಬೇಕು.

ವೇಗದ ಬಗ್ಗೆ ಎಲ್ಲ ಪೋಷಕರೂ ಕೇಳುತ್ತಾರೆ. ಶುರುವಿನ ತಿಂಗಳುಗಳಲ್ಲಿ ಗಡಿಯಾರವೇ ಇಲ್ಲ. ಒಂದು ಪ್ಯಾಸೇಜ್ ಮೇಲೆ ಅರ್ಧ ಗಂಟೆ ಕೂತರೂ ಬೇಡ ಅನ್ನೋದಿಲ್ಲ. ಓದುವುದು ಹದಕ್ಕೆ ಬಂದ ಮೇಲೆಯೇ ಸಮಯ ಹಿಡಿಯೋದು, ಅದೂ ನಿಧಾನಕ್ಕೆ ಇಳಿಸುತ್ತಾ. ತಂಗಿಗೆ ಇದು ಸರಿಹೋಯಿತು. ಹಿಂದೆ ಒಂದೇ ಪ್ಯಾರಾವನ್ನು ಮೂರು ನಾಲ್ಕು ಸಲ ಓದುತ್ತಿದ್ದಳು. ಈಗ ಒಂದೇ ಸಲ ಗಮನ ಇಟ್ಟು ಓದುತ್ತಾಳೆ, ವಾಪಸ್ ಹೋಗೋದು ಕಡಿಮೆಯಾಗಿದೆ, ಅದರಿಂದಲೇ ಸಮಯ ಉಳಿಯುತ್ತಿದೆ. ಮನೆಯಲ್ಲಿ ಹಳೇ ಪೇಪರ್ ಬರೆದಾಗ ಇಂಗ್ಲಿಷ್ ವಿಭಾಗದ ಅಂಕ ಚೆನ್ನಾಗಿ ಏರಿದೆ, ಲೀಗಲ್‌ನಲ್ಲಿ ಅದಕ್ಕಿಂತ ಚೆನ್ನಾಗಿ. ಲಾಜಿಕಲ್ ಇನ್ನೂ ಆಗಬೇಕು.

ಇನ್ನು ಕೊರತೆ. ಇವೆ, ಮುಚ್ಚಿಡೋದಿಲ್ಲ.

ಪೂರ್ತಿ 120 ಪ್ರಶ್ನೆಯ ಮಾಕ್ ಟೆಸ್ಟ್ ಇಲ್ಲಿ ತುಂಬಾ ಕಡಿಮೆ. ಎರಡು ಗಂಟೆ ಒಂದೇ ಸಮ ಕೂತು ಓದುವ ದಮ್ ಬೇರೆಯೇ, ಒಂದೆರಡು ಪ್ಯಾಸೇಜ್ ಮಾಡಿದರೆ ಅದು ಬರೋದಿಲ್ಲ. ಮೇಡಂಗೆ ಇದನ್ನು ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ, ಆದರೆ ಇನ್ನೂ ಶುರುವಾಗಿಲ್ಲ. ನಾವು ಭಾನುವಾರ ಮನೆಯಲ್ಲೇ ಮಾಡಿಸುತ್ತೇವೆ. ಪರೀಕ್ಷೆ ನಡೆಸುವ ಕನ್ಸಾರ್ಟಿಯಂನ (ಲಾ ಯೂನಿವರ್ಸಿಟಿಗಳ ಒಕ್ಕೂಟ) ವೆಬ್‌ಸೈಟಿನಲ್ಲಿ ಹಳೇ ಪೇಪರುಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆಸಿ ಪೆನ್ನು ಹಿಡಿದೇ ಬರೆಸಿ, ಯಾಕೆಂದರೆ ಪರೀಕ್ಷೆ ನಡೆಯೋದೂ ಕಾಗದದ ಮೇಲೆಯೇ. ಮೊಬೈಲಿನಲ್ಲಿ ಓದುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರೋದಿಲ್ಲ. 150 ಪ್ರಶ್ನೆಯ ಪೇಪರ್ ಕಂಡರೆ ಗಾಬರಿ ಬೇಡ. ಡಿಸೆಂಬರ್ 2023ರಲ್ಲಿ ನಡೆದ ಪರೀಕ್ಷೆಯಿಂದ 120 ಆಗಿದೆ, ಅದಕ್ಕೂ ಮುಂಚೆ 150 ಇತ್ತು.

ಜೆರಾಕ್ಸ್ ಹಾಳೆಗಳು ಕೆಲವು ಸಲ ಎಷ್ಟು ಮಸುಕಾಗಿರುತ್ತವೆ ಅಂದರೆ ಕಣ್ಣು ನೋವು ಬರುತ್ತದೆ. ಫೀಸ್ ಜೊತೆ ಇನ್ನೊಂದು ಐವತ್ತು ರೂಪಾಯಿ ತೆಗೆದುಕೊಂಡು ಒಳ್ಳೆ ಪ್ರಿಂಟ್ ಕೊಡಲಿ, ಯಾರೂ ಬೇಡ ಅನ್ನೋದಿಲ್ಲ. ಹಾಲ್ ಚಿಕ್ಕದು, ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ಗೊತ್ತೇ ಇದೆ, ಸಂಜೆ ಐದಕ್ಕೂ ಗೋಡೆ ಕಾದಿರುತ್ತದೆ. ಒಂದು ಕೂಲರ್ ಇದೆ, ಅದು ಮುಂದೆ ಕೂತವರಿಗೆ ಮಾತ್ರ. ಕರೆಂಟ್ ಅಫೇರ್ಸ್ ಬೇರೆ ಓದಿಕೊಳ್ಳಬೇಕು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ ಅಂತ ಮೇಡಂ ಹೇಳುತ್ತಾರೆ, ಆದರೆ ಅದನ್ನು ಕ್ಲಾಸಿನಲ್ಲಿ ಪರಿಶೀಲಿಸೋದಿಲ್ಲ. ಕೆಲವು ಮಕ್ಕಳು ಓದದೆಯೇ ಬರುತ್ತಾರೆ, ಅದು ಕಾಣುತ್ತದೆ. ಮನೆಗೆ ಪೇಪರ್ ಹಾಕಿಸೋಕೆ ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಓದಬಹುದು.

ಅಕ್ಟೋಬರ್‌ನಲ್ಲಿ ಸೇರಿ ಡಿಸೆಂಬರ್‌ಗೆ ಪರೀಕ್ಷೆ ಬರೆಯುವವರಿಗೆ ಈ ಕ್ಲಾಸು ಬೇಡ, ನಿಜವಾಗಿ ಹೇಳುತ್ತಿದ್ದೇನೆ. ಇದು ನಿಧಾನದ ಪಾಠ. ಫಸ್ಟ್ ಪಿಯು ಮುಗಿದ ಬೇಸಿಗೆ ರಜೆಯಲ್ಲಿ ಸೇರಿದರೆ ಪೂರ್ತಿ ಲಾಭ. ಬರೀ ಪರೀಕ್ಷೆ ಹಿಂದೆ ಪರೀಕ್ಷೆ ಬರೆಸಿ ರ‍್ಯಾಂಕ್ ಪಟ್ಟಿ ಹಾಕುವ ಜಾಗ ಬೇಕು ಅನ್ನುವವರಿಗೂ ಇದು ಹಿಡಿಸೋದಿಲ್ಲ. ಎಂಬಿಎ ಸೇರಲು ಕ್ಯಾಟ್ ಪರೀಕ್ಷೆ ಬರೆಯುವ ಡಿಗ್ರಿ ಹುಡುಗರು ಇಬ್ಬರು ನಡುವೆ ಬಂದು ಸೇರಿದ್ದಾರೆ. ಅವರಿಗೆ 40 ನಿಮಿಷದಲ್ಲಿ 24 ಪ್ರಶ್ನೆಯ ಇಂಗ್ಲಿಷ್ ವಿಭಾಗ, ಅದರಲ್ಲೂ ಪ್ಯಾಸೇಜ್‌ಗಳದ್ದೇ ದೊಡ್ಡ ಪಾಲು. ಅವರೂ ಖುಷಿಯಾಗಿಯೇ ಇದ್ದಾರೆ.

ಲಾ ಓದಿಸೋದು ಬಿಡಿ, ನಮ್ಮ ಕಡೆ ಮಕ್ಕಳಿಗೆ ಅದೆಲ್ಲ ಆಗೋದಿಲ್ಲ ಅನ್ನೋ ಪೋಷಕರಿಗೆ ಒಂದು ಮಾಹಿತಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ಮಕ್ಕಳಿಗೆ ಶೇ. 25 ಮೀಸಲಾತಿ ಇದೆ. ಕ್ಲಾಟ್ ಬರೆಯೋಕೆ ವಯಸ್ಸಿನ ಮಿತಿ ಇಲ್ಲ. ಪಿಯುಸಿಯಲ್ಲಿ ಶೇ. 45, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 40 ಇದ್ದರೆ ಸಾಕು, ಸೆಕೆಂಡ್ ಪಿಯು ಓದುತ್ತಿರುವಾಗಲೇ ಬರೆಯಬಹುದು.

ಸೇರಬೇಕು ಅನ್ನುವವರು ಸುಮ್ನೆ ಒಂದು ಸಂಜೆ ಹೋಗಿ ಹಿಂದೆ ಕೂತು ನೋಡಿ, ಮೇಡಂ ಬೇಡ ಅನ್ನೋದಿಲ್ಲ, ಮೊದಲ ವಾರಕ್ಕೆ ಫೀಸ್ ಕೂಡ ಕೇಳೋದಿಲ್ಲ. ಇಪ್ಪತ್ತು ಮಕ್ಕಳಾದ ಮೇಲೆ ಹೊಸಬರನ್ನು ತೆಗೆದುಕೊಳ್ಳೋದಿಲ್ಲ, ಹಾಗಾಗಿ ಮಾರ್ಚ್‌ನಲ್ಲೇ ಹೋಗಿ ಹೆಸರು ಬರೆಸಿ. ಕುರುಗೋಡು, ಸಿರುಗುಪ್ಪ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಸಮಯ ಮೊದಲೇ ಹೇಳಿದರೆ ಅವರನ್ನು ಸ್ವಲ್ಪ ಬೇಗ ಬಿಡುತ್ತಾರೆ. ಪೆನ್ಸಿಲ್, ಎರಡು ನೋಟ್‌ಬುಕ್, ಬೇಸಿಗೆಯಾದರೆ ದೊಡ್ಡ ನೀರಿನ ಬಾಟಲಿ, ಇಷ್ಟು ಒಯ್ದರೆ ಸಾಕು.